ಸಿಸ್ಟರ್ ಕೇಳಿದ್ದು

ಶವದ ಪೆಟ್ಟಿಗೆಯನ್ನು ಒಳಗೆ ತಳ್ಳಿ ಚಿತಾಗಾರದ ಕೆಲಸದವನು ಕಬ್ಬಿಣದ ಬಾಗಿಲು ಎಳೆದ. "ಹೊತ್ತಾಗುತ್ತೆ, ಆ ಕಡೆ ಕೂತಿರಿ."

ಉದ್ದನೆಯ ಕೋಣೆಯಲ್ಲಿ ಜನಕ್ಕಿಂತ ಕುರ್ಚಿಗಳೇ ಹೆಚ್ಚು. ತೀರಿಕೊಂಡ ಸಿಸ್ಟರ್‌ನ ತಂಗಿ, ತಂಗಿಯ ಗಂಡ, ಮನೋರೋಗಿಗಳ ವಾರ್ಡಿನಲ್ಲಿ ಅವರ ಜೊತೆ ದುಡಿದ ಹಳೆಯ ನರ್ಸ್. ಅಷ್ಟೇ. ಬಾಗಿಲ ಬಳಿ ನರೆತ ಗಡ್ಡದವನೊಬ್ಬ ಗೋಡೆಯ ಕಡೆ ತಿರುಗಿ ಸಣ್ಣಗೆ ಏನೋ ಹೇಳಿಕೊಳ್ಳುತ್ತ ನಿಂತಿದ್ದ.

"ಯಾರೇ ಅವನು? ತಲೆ ಸರಿ ಇಲ್ಲ ಅನ್ಸುತ್ತೆ. ಹೊರಗೆ ಕಳಿಸ್ಲಾ?" ತಂಗಿಯ ಗಂಡ ಎದ್ದ.

"ಕೂತ್ಕೊಳ್ಳಿ," ಎಂದರು ಹಳೆಯ ನರ್ಸ್. "ನಮ್ಮ ವಾರ್ಡಿನಲ್ಲಿದ್ದವರು. ಗಡಿಯಾರ ರಿಪೇರಿ ಮಾಡ್ತಾರೆ. ಕಿವಿಯಲ್ಲಿ ಯಾರೋ ಮಾತಾಡಿದ ಹಾಗೆ ಕೇಳಿಸುತ್ತೆ ಅವರಿಗೆ."

*

ಆಗ ಅವನ ಗಡ್ಡ ಇನ್ನೂ ಕಪ್ಪಗಿತ್ತು. ವಾರ್ಡಿನ ಮಂಚದ ಕೆಳಗೆ ಸೇರಿಕೊಂಡು ಎರಡೂ ಕಿವಿ ಮುಚ್ಚಿಕೊಂಡಿದ್ದ. ಯಾರೂ ಮಾತಾಡ್ತಿಲ್ಲ, ಎಲ್ಲಾ ನಿನ್ನ ಭ್ರಮೆ ಎಂದು ಮನೆಯವರು ಹೇಳಿ ಹೇಳಿ ಸಾಕಾಗಿ ಅವನನ್ನು ಅಲ್ಲೇ ಬಿಟ್ಟು ಹೋಗಿದ್ದರು. ಸಿಸ್ಟರ್ ಮಾತ್ರೆಯ ತಟ್ಟೆ ಪಕ್ಕಕ್ಕಿಟ್ಟು ನೆಲದ ಮೇಲೆ ಕೂತರು.

"ನನಗೇನೂ ಕೇಳಿಸ್ತಿಲ್ಲಪ್ಪ. ಆದ್ರೆ ನಿಮಗೆ ಕೇಳಿಸ್ತಿದೆ, ಹೆದರಿದೀರಿ. ಏನಂತಿದೆ ಅದು?"

ಹಾಗೆಂದು ಅವನನ್ನು ಯಾರೂ ಕೇಳಿರಲಿಲ್ಲ. ಮಂಚದ ಕೆಳಗಿನಿಂದಲೇ ಹೇಳಿದ.

"ನೀನು ಸತ್ತರೆ ನೋಡೋಕೂ ಒಬ್ಬರು ಬರಲ್ಲ ಅಂತಿದೆ."

"ನಾನು ಬರ್ತೀನಿ. ಆದ್ರೆ ಈ ವಾರ ಬೇಡ, ರಜೆ ಸಿಗಲ್ಲ."

ಅವನಿಗೆ ನಗು ಬಂದುಬಿಟ್ಟಿತು. ದನಿಯೇನೂ ನಿಲ್ಲಲಿಲ್ಲ, ಕೈಗಳು ಮಾತ್ರ ಕಿವಿಯಿಂದ ಕೆಳಗಿಳಿದವು. ಆಮೇಲೆ ದಿನವೂ ಡ್ಯೂಟಿ ಮುಗಿಸಿ ಹೊರಡುವ ಮುಂಚೆ ಸಿಸ್ಟರ್ ಬಂದು ಕೂರುತ್ತಿದ್ದರು. ದನಿ ಜೋರಾದಾಗ "ತಾಳು, ಕೆಲಸದಲ್ಲಿದೀನಿ" ಎಂದು ಅದಕ್ಕೆ ಹೇಳುವುದನ್ನು ಕಲಿಸಿದರು.

*

"ಅಕ್ಕ ತನ್ನದು ಅಂತ ಏನೂ ಹೇಳ್ತಿರಲಿಲ್ಲ," ಎಂದಳು ತಂಗಿ. "ಫೋನ್ ಮಾಡಿದ್ರೆ, ನಿಂದು ಹೇಳೇ ಅನ್ನೋಳು. ಒಬ್ಬಳೇ ಅಷ್ಟು ವರ್ಷ ಆ ಮನೇಲಿ ಏನು ಮಾಡ್ತಿದ್ದಳೋ."

"ನಾವೂ ಕೇಳಲಿಲ್ಲ ಬಿಡಿ," ಎಂದರು ಹಳೆಯ ನರ್ಸ್.

ತಂಗಿ ಎದ್ದು ಬಾಗಿಲ ಬಳಿ ಹೋದಳು.

"ಈಗಲೂ ಕೇಳಿಸುತ್ತಾ ನಿಮಗೆ?"

"ಕೇಳಿಸುತ್ತಮ್ಮ."

ಅವಳು ತಡವರಿಸಿದಳು. "ಏನಂತಿದೆ?"

"ನಿನ್ನನ್ನ ಇಲ್ಲಿಗೆ ಯಾರು ಕರೆದರು, ನಡಿ ಆಚೆ ಅಂತಿದೆ."

ತಂಗಿ ಹಿಂದಿರುಗಿ ಬಂದು ಕೂತಳು. ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಬ್ಯಾಗನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಖಾಲಿಯಾದ ಕುರ್ಚಿ ತೋರಿಸುತ್ತ ಅವನತ್ತ ನೋಡಿದಳು.