ಅಕ್ಕನ ಹೆಸರಿನ ಬಸ್ ಸ್ಟಾಪು

ಅಕ್ಕ ತೀರಿಕೊಂಡು ವರ್ಷ ತುಂಬಿದ ದಿನ, ಅವಳ ಹೆಸರಿನಲ್ಲಿ ಕಟ್ಟಿದ ಬಸ್ ತಂಗುದಾಣವನ್ನು ತಂಗಿಯ ಕೈಯಿಂದಲೇ ಉದ್ಘಾಟನೆ ಮಾಡಿಸಬೇಕೆಂದು ನಗರಸಭೆಯವರು ತೀರ್ಮಾನಿಸಿದ್ದರು. ತಂಗಿಯದು ಹೊಲಿಗೆ ಕೆಲಸ. ಬೀದಿಯವರಿಗೆಲ್ಲ ಅವಳು ಟೈಲರಮ್ಮ. ಗಂಡ ಹೋದ ಮೇಲೆ ಅಕ್ಕನ ಮನೆಯ ಮುಂದಿನ ಕೋಣೆಯಲ್ಲೇ ಮಿಷನ್ ಹಾಕಿಕೊಂಡು ಕೂತವಳು.

ಅಕ್ಕನನ್ನು ಪತ್ರಿಕೆಯವರು ಸಮಾಜಸೇವಕಿ ಎಂದು ಬರೆಯುತ್ತಿದ್ದರು. ಸರ್ಕಾರಿ ಕಚೇರಿಗಳ ಗುಮಾಸ್ತರು ಮಾತ್ರ ತಮ್ಮತಮ್ಮಲ್ಲೇ ಅವಳನ್ನು ‘ಗೋಂದು’ ಎನ್ನುತ್ತಿದ್ದರು. ಒಮ್ಮೆ ಕುರ್ಚಿಗೆ ಅಂಟಿದಳೆಂದರೆ ಕೆಲಸ ಆಗುವ ತನಕ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ವಿಧವೆಯರ ಪಿಂಚಣಿ, ಕೂಲಿಯವರ ಮಕ್ಕಳ ಶಾಲೆ, ಗಂಡನ ಏಟು ತಿಂದು ಓಡಿಬಂದ ಹೆಂಗಸರು, ಎಲ್ಲವೂ ಅವಳ ತಲೆಗೇ. ಹಾಗೆ ಓಡಿಬಂದವರು ಮಲಗುತ್ತಿದ್ದುದು ಟೈಲರಮ್ಮನ ಬಟ್ಟೆ ಚೂರುಗಳ ನಡುವೆ. “ಊರ ಉಸಾಬರಿಯೆಲ್ಲ ನಿಂಗ್ಯಾಕೆ? ಒಂದು ದಿನ ಬಿಸಿ ಅನ್ನ ಉಂಡಿದೀಯಾ?” ಎಂದು ಇವಳು ಬೈಯುವಳು. “ಬೈತಾ ಬೈತಾನೇ ಬಡಿಸು ಮಾರಾಯ್ತಿ” ಎಂದು ಅಕ್ಕ ತಟ್ಟೆ ಮುಂದೆ ಕೂರುವಳು.

ಅಕ್ಕ ಗೆದ್ದ ಜಗಳಗಳಲ್ಲಿ ಟೈಲರಮ್ಮನಿಗೆ ಚೆನ್ನಾಗಿ ನೆನಪಿದ್ದುದು ಬಸ್ಸಿನದು. ಮೊದಲು ಬಸ್ಸು ದೊಡ್ಡ ಸರ್ಕಲ್ಲಿನಲ್ಲಿ ಮಾತ್ರ ನಿಲ್ಲುತ್ತಿತ್ತು. ಡಯಾಲಿಸಿಸ್ ಮುಗಿಸಿ ಹೊರಬಿದ್ದವರು ಆಸ್ಪತ್ರೆಯಿಂದ ಅಲ್ಲಿಗೆ ಏರು ರಸ್ತೆಯಲ್ಲಿ ನಡೆಯಬೇಕು. ದಾರಿಯಲ್ಲಿ ಕುಸಿದವರೂ ಇದ್ದರು. ಅಕ್ಕ ವರ್ಷಗಟ್ಟಲೆ ಕಚೇರಿಗಳಿಗೆ ಅಲೆದು ಕಾಲು ಸವೆಸಿದಳು. ಕೊನೆಗೆ ರೋಗಿಗಳನ್ನು ಆಸ್ಪತ್ರೆಯ ಗೇಟಿನ ಮುಂದೆ ಕುರ್ಚಿ ಹಾಕಿ ಕೂರಿಸಿ, ತಾನು ರಸ್ತೆಯ ನಡುವೆ ನಿಂತಳು. ಪೊಲೀಸರು ಎತ್ತಿಕೊಂಡು ಹೋದರು. ಮರುದಿನ ಮತ್ತೆ ನಿಂತಳು. ಗೇಟಿನೆದುರು ಸ್ಟಾಪು ಬಂತು.

ಹಾಗಾಗಿ ತಂಗುದಾಣವೂ ಅಲ್ಲೇ ಇರುತ್ತದೆಂದು ಟೈಲರಮ್ಮ ತಿಳಿದಿದ್ದಳು. ಆ ದಿನ ಅವಳನ್ನು ಕರೆದೊಯ್ಯಲು ನಗರಸಭೆಯವರು ಕಳಿಸಿದ ಕಾರು ಗೇಟು ದಾಟಿ ಏರು ಹತ್ತಿ ಸರ್ಕಲ್ಲಿನಲ್ಲಿ ನಿಂತಿತು. ಸ್ಟೀಲಿನ ಬೆಂಚು, ದೀಪ, ತಲೆಯ ಮೇಲೆ ಅಕ್ಕನ ನಗುಮುಖ.

“ಇದೇನ್ ಸಾರ್, ಇಲ್ಲಿ ಕಟ್ಟಿದೀರಾ?” ಎಂದು ಪಕ್ಕದಲ್ಲಿದ್ದ ನಗರಸಭೆಯ ಇಂಜಿನಿಯರರನ್ನು ಕೇಳಿದಳು.

“ಗೇಟ್ ಹತ್ರ ಜಾಗ ಎಲ್ಲಿದೆಯಮ್ಮಾ? ಇಲ್ಲಾದ್ರೆ ಎಲ್ಲರ ಕಣ್ಣಿಗೂ ಬೀಳುತ್ತೆ.”

“ಹಾಗಾದ್ರೆ ಗೇಟಿನ ಸ್ಟಾಪು?”

“ಎರಡೆರಡು ಯಾಕೆ? ಅದನ್ನ ತೆಗೆದು ಇಲ್ಲಿಗೆ ಸೇರಿಸಿದೀವಿ.”

ಅವಳು ಬಾಯಿ ತೆರೆಯುವಷ್ಟರಲ್ಲಿ ಯಾರೋ ಕೈಗೆ ಕತ್ತರಿ ಕೊಟ್ಟರು. ಅಧ್ಯಕ್ಷರು ಮೈಕಿನಲ್ಲಿ ಅಕ್ಕನನ್ನು ತಾಳ್ಮೆಯ ಸಾಕಾರಮೂರ್ತಿ ಎಂದರು. ಅಕ್ಕನಿಗೆ ತಾಳ್ಮೆಯೇ! ಜನ ಚಪ್ಪಾಳೆ ತಟ್ಟಿದರು. ಅಷ್ಟು ಜನರ ಮುಂದೆ ಏನು ಮಾಡುವುದೆಂದು ತೋಚದೆ ಟೈಲರಮ್ಮ ರಿಬ್ಬನ್ ಕತ್ತರಿಸಿಬಿಟ್ಟಳು.

ಮರುದಿನ ಮಿಷನ್ನಿಗೆ ಬಟ್ಟೆ ಹೊದಿಸಿ ನಗರಸಭೆಗೆ ಹೋದಳು. ಬಸ್ಸಿನ ವಿಷಯ ಸಾರಿಗೆಯವರದು ಎಂದರು. ಸಾರಿಗೆಯ ಡಿಪೋಗೆ ಹೋದರೆ, ಸ್ಟಾಪು ಎಲ್ಲಿರಬೇಕೆಂದು ಹೇಳುವವರು ನಗರಸಭೆಯವರು ಎಂದರು. ಚೆಂಡಿನ ಹಾಗೆ ಅತ್ತಿಂದಿತ್ತ ಒದೆಸಿಕೊಂಡು ವಾರ ಕಳೆಯಿತು. ಹೊಲಿಯಲು ಕೊಟ್ಟವರು ಬಾಗಿಲು ಬಡಿದು ವಾಪಸು ಹೋದರು. ಕಡೆಗೆ ಡಿಪೋ ಮ್ಯಾನೇಜರು ಒಳಗೆ ಕರೆದು ಕೂರಿಸಿದರು.

“ಅಮ್ಮಾ, ಪೇಪರ್‌ನಲ್ಲಿ ಫೋಟೋ ನೋಡ್ದೆ. ರಿಬ್ಬನ್ ಕತ್ತರಿಸಿದ್ದು ನೀವೇ ಅಲ್ವಾ?”

“ಹೌದು. ಕೈಗೆ ಕೊಟ್ರು, ಕತ್ತರಿಸ್ದೆ.”

“ಮತ್ತೆ? ನೀವೇ ಒಪ್ಪಿ ಉದ್ಘಾಟನೆ ಮಾಡಿ, ಈಗ ಬೇಡ ಅಂದ್ರೆ ನಾವೇನ್ ಮಾಡೋಣ? ನಿಮ್ಮಕ್ಕನ ಹೆಸರಿಗೆ ನೀವೇ ಅಡ್ಡ ಬಂದ ಹಾಗಾಗುತ್ತೆ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. “ಹೆಸರು ಕಿತ್ತು ಹಾಕಿ ಸಾರ್. ಫೋಟೋನೂ ತೆಗೀರಿ. ಗೇಟ್ ಹತ್ರ ಬಸ್ ನಿಲ್ಲಿಸಿ, ಸಾಕು.”

“ಛೆ, ದೊಡ್ಡೋರ ಹೆಸರು ತೆಗೆಯೋದುಂಟಾ? ಅವರ ಮೇಲೆ ನಮಗೆ ತುಂಬಾ ಗೌರವ.”

ಅಕ್ಕನಾಗಿದ್ದರೆ ಅಲ್ಲೇ ಅಂಟಿಕೊಳ್ಳುತ್ತಿದ್ದಳು. ಟೈಲರಮ್ಮನೂ ಅಂಟಿಕೊಂಡು ನೋಡಿದಳು. ಮ್ಯಾನೇಜರು ಮೀಟಿಂಗಿಗೆಂದು ಎದ್ದುಹೋದರು. ಗುಡಿಸುವವಳು ಬಂದು ಕಾಲೆತ್ತಲು ಹೇಳಿದಳು. ಸಂಜೆ ಕಾವಲುಗಾರ ಬೀಗ ತೋರಿಸಿದ. ಇದನ್ನು ಅಕ್ಕ ಒಂದು ಆಯುಷ್ಯವಿಡೀ ಹೇಗೆ ಮಾಡಿದಳೋ. ದಿನಾ ಮುಖ ಗಂಟಿಕ್ಕಿಕೊಂಡು ಮನೆಗೆ ಬರುತ್ತಿದ್ದ ಅವಳನ್ನು ತಾನು ಬೈದದ್ದೆಲ್ಲ ನೆನಪಾಗಿ, ಸಂಕಟಕ್ಕಿಂತ ಹೆಚ್ಚಾಗಿ ಸಿಟ್ಟೇ ಬಂತು. ಇಷ್ಟು ಕಷ್ಟವೆಂದು ಒಂದು ದಿನವಾದರೂ ಬಾಯಿಬಿಟ್ಟು ಹೇಳಬಾರದಿತ್ತೇ ಆ ಹಟಮಾರಿ?

ಆಮೇಲೆ ಅವಳು ಕಚೇರಿ ಅಲೆಯುವುದು ಬಿಟ್ಟು ಆಸ್ಪತ್ರೆಯ ಗೇಟಿಗೆ ಹೋಗತೊಡಗಿದಳು. ಡಯಾಲಿಸಿಸ್ ಮುಗಿಸಿ ಬರುವ ಮುದುಕ ಬಡಗಿಯೊಬ್ಬನ ತೋಳು ಹಿಡಿದು ಹಳೆಯ ಜಾಗದಲ್ಲೇ ನಿಂತು ಬಸ್ಸಿಗೆ ಕೈ ಅಡ್ಡ ಹಾಕುವಳು. ಕೆಲವು ಡ್ರೈವರುಗಳು ಕತ್ತು ಆ ಕಡೆ ತಿರುಗಿಸಿ ಹೋಗಿಬಿಡುವರು. ಒಂದು ಮಧ್ಯಾಹ್ನ ಒಬ್ಬ ಡ್ರೈವರ್ ನಿಲ್ಲಿಸಿದ.

“ಬೇಗ ಹತ್ತಿ ಅಜ್ಜಾ. ಇಲ್ಲಿ ನಿಲ್ಲಿಸಿದೆ ಅಂತ ಯಾರಿಗೂ ಹೇಳ್ಬೇಡಿ, ನನ್ ಕೆಲಸಕ್ಕೆ ಕುತ್ತು ಬರುತ್ತೆ. ನಿಮ್ಮಕ್ಕ ನಮ್ಮಮ್ಮಂಗೆ ಪಿಂಚಣಿ ಕೊಡಿಸಿದ್ರು ಟೈಲರಮ್ಮಾ, ಅದಕ್ಕೆ ಈ ಉಪಕಾರ.”

ಬಡಗಿ ಕೈಮುಗಿದು ಹತ್ತಿದ. ಆ ಕೈಮುಗಿದದ್ದು ಟೈಲರಮ್ಮನಿಗೆ ಸಹಿಸಲಾಗಲಿಲ್ಲ. ಯಾರಿಗೂ ಕೈಮುಗಿಯದೆ ಹತ್ತಲಿ ಎಂದೇ ಅಲ್ಲವೇ ಅಕ್ಕ ರಸ್ತೆಯ ನಡುವೆ ನಿಂತದ್ದು?

“ಉಪಕಾರ ಬೇಡಪ್ಪಾ, ದಿನಾ ನಿಲ್ಲಿಸಿ” ಎಂದಳು.

“ಅದು ನನ್ ಕೈಲಿಲ್ಲಮ್ಮಾ” ಎಂದು ಆತ ಗೇರು ಹಾಕಿದ.

ಬಸ್ಸು ಹೋಯಿತು. ಆಸ್ಪತ್ರೆಯ ಒಳಗಿನಿಂದ ಇನ್ನೊಬ್ಬ ಹೆಂಗಸು ಗೋಡೆ ಹಿಡಿದುಕೊಂಡು ನಿಧಾನಕ್ಕೆ ಬರುತ್ತಿದ್ದಳು. ಟೈಲರಮ್ಮ ಗೇಟಿನ ಕಾವಲುಗಾರನ ಕುರ್ಚಿಯನ್ನು, ಅವನನ್ನು ಕೇಳದೆ, ಎಳೆದು ತಂದು ರಸ್ತೆಯ ಅಂಚಿನಲ್ಲಿ ಹಾಕಿ, “ಕೂತ್ಕೋಮ್ಮಾ” ಎಂದಳು. ಕಾವಲುಗಾರ ಬೈಯುತ್ತಲೇ ಇದ್ದ. ಮುಂದಿನ ಬಸ್ಸಿನ ಡ್ರೈವರ್ ಯಾರೋ ಗೊತ್ತಿರಲಿಲ್ಲ. ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಯ ನಡುವಿಗೆ ಇಳಿದಳು.