ಟೀಸಿ ಹೆಣೆದ ಉಬ್ಬುಗಳು

“ಇದೂ ಒಂದು ವಿದ್ಯೆನಾ?” ಎಂದು ಟೀಸಿ ಕ್ರೋಶಾ ಕಡ್ಡಿಯನ್ನು ಎಸೆದ. ಅದು ಉರುಳಿಕೊಂಡು ಹೋಗಿ ಸೋಫಾದ ಕೆಳಗೆ ಸೇರಿತು. ಬಗ್ಗಿ ತೆಗೆಯಬೇಕಾದವನೂ ಅವನೇ. ಹೆಂಡತಿಯ ಬಲಗೈ ಪ್ಲಾಸ್ಟರಿನಲ್ಲಿತ್ತು.

ಜೀವಮಾನವೆಲ್ಲ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತನಾದ ಮನುಷ್ಯ. ಎದುರಿಗೆ ಕೂತವರನ್ನೆಲ್ಲ ಕಳ್ಳರ ಹಾಗೆ ನೋಡುವುದೊಂದೇ ಅವನಿಗೆ ಗೊತ್ತಿದ್ದ ಕಸುಬು. ಅದನ್ನು ಪಿಂಚಣಿಯ ಜೊತೆ ಮನೆಗೂ ತಂದಿದ್ದ. ಹೆಂಡತಿಯ ಹೆಣಿಗೆಗೆ ಅವನಿಟ್ಟ ಹೆಸರು ‘ತೂತಿನ ವ್ಯಾಪಾರ’. ಮಗಳು ಮೆಚ್ಚಿ ಮದುವೆಯಾದ ಬೇಕರಿಯವನಿಗೆ ಇಟ್ಟದ್ದು ‘ಬನ್ನು’. ಮದುವೆಯ ದಿನ ನಾಲ್ಕು ಜನರ ಮುಂದೆ ಅಳಿಯನನ್ನು ಹಾಗೆ ಕರೆದು ತಾನೇ ನಕ್ಕಿದ್ದ. ಬೇರೆ ಯಾರೂ ನಗಲಿಲ್ಲ. “ಆ ನಾಲಿಗೆ ನನ್ನ ಹೊಸ್ತಿಲು ದಾಟಕೂಡದು” ಎಂದ ಮಗಳು ಆಮೇಲೆ ಅವನೊಡನೆ ಮಾತಾಡಿರಲಿಲ್ಲ. ಅಪ್ಪನ ಮಗಳಲ್ಲವೇ, ಹಟಕ್ಕೇನು ಬರ!

ಈಗ ಅವಳಿಗೆ ಹೆಣ್ಣು ಮಗು ಹುಟ್ಟಿತ್ತು. ಮಗುವಿಗೆಂದು ಅಜ್ಜಿ ಶುರುಮಾಡಿದ್ದ ಹೊದಿಕೆ, ಮೈತುಂಬ ದ್ರಾಕ್ಷಿಯಂಥ ಮೆತ್ತನೆಯ ಉಬ್ಬುಗಳಿದ್ದದ್ದು, ಅವಳು ಬಚ್ಚಲಲ್ಲಿ ಜಾರಿ ಕೈ ಮುರಿದುಕೊಂಡದ್ದರಿಂದ ಅರ್ಧಕ್ಕೆ ನಿಂತಿತ್ತು. ಟೀಸಿಗೆ ಮೊಮ್ಮಗಳನ್ನು ನೋಡಲೇಬೇಕು. ಹಗಲೂ ಇರುಳೂ ಅದೇ ಧ್ಯಾನ. ಆದರೆ ಅಳಿಯನಿಗೆ ತಪ್ಪಾಯಿತು ಅನ್ನುವುದು ಅವನ ಹುಟ್ಟುಗುಣದಲ್ಲೇ ಇರಲಿಲ್ಲ. ಹೊದಿಕೆ ಮುಗಿಸಿ ಹಿಡಿದುಕೊಂಡು ಹೋದರೆ ಯಾರು ತಡೆಯುತ್ತಾರೆ ಎಂದು ಲೆಕ್ಕ ಹಾಕಿದ. ಊರಿನವರ ಟಿಕೆಟ್ ಕೇಳಿ ಸವೆದ ಮಹಾನುಭಾವ, ತಾನು ಮಾತ್ರ ಪುಕ್ಕಟೆ ನುಗ್ಗುವ ದಾರಿ ಹುಡುಕಿದ. ಥೂ, ಎಂಥಾ ಬುದ್ಧಿ!

“ಒಂದೇ ತೂತಲ್ಲಿ ಐದು ಸಲ ನೂಲು ಎಳೀರಿ. ಯಾವುದನ್ನೂ ಪೂರ್ತಿ ಮಾಡ್ಬೇಡಿ, ಕುಣಿಕೆಗಳು ಕಡ್ಡಿ ಮೇಲೇ ಇರ್ಲಿ. ಆಮೇಲೆ ಎಲ್ಲಾ ಒಟ್ಟಿಗೆ ದಾಟಿಸಿ,” ಎಂದಳು ಹೆಂಡತಿ.

ಅವನು ಹಲ್ಲು ಕಚ್ಚಿ ಎಳೆದ. ಕಡ್ಡಿ ಸಿಕ್ಕಿಕೊಂಡಿತು.

“ರೀ, ಅದೇನು ಕಳ್ಳನ ಕುತ್ತಿಗೆನಾ? ಸಡಿಲ ಬಿಡಿ.”

“ನಿನ್ನ ನೂಲೇ ಸರಿಯಿಲ್ಲ.”

“ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ.”

ಕೊನೆಗೂ ದಾಟಿಸಿದ. ನೋಡಿದರೆ ಅಲ್ಲಿ ಏನೂ ಇಲ್ಲ. “ಎಲ್ಲಿದೆಯೇ ಉಬ್ಬು? ಚಪ್ಪಟೆ!”

“ಆ ಕಡೆ ಬಂದಿದೆ. ಹೆಣೆಯೋರಿಗೆ ಕಾಣಲ್ಲ ಅದು, ಎದುರಿಗೆ ಕೂತೋರಿಗೆ ಕಾಣತ್ತೆ.”

ತಿರುಗಿಸಿದ. ಇತ್ತು, ಕಡಲೆಕಾಳಿನಷ್ಟು ಗಟ್ಟಿ. ಅವನ ಮುಖ ನೋಡಬೇಕಿತ್ತು, ಮೊಮ್ಮಗಳನ್ನು ತಾನೇ ಹೆತ್ತವನ ಹಾಗೆ ಹಿಗ್ಗಿದ್ದ. ಸಡಿಲ, ಸಡಿಲ ಎಂದು ಹೆಂಡತಿ ಬಡಕೊಂಡದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಬಿಗಿಯಾದಷ್ಟೂ ಬಾಳಿಕೆ ಎಂದು ಅವಳಿಗೇ ಪಾಠ ಹೇಳಿದ.

ಪ್ಲಾಸ್ಟರ್ ಬಿಚ್ಚುವ ಮೊದಲೇ ಹೊದಿಕೆ ಮುಗಿಯಿತು. ಇಬ್ಬರೂ ಅದನ್ನು ಹಿಡಿದುಕೊಂಡು ಮಗಳ ಮನೆಗೆ ಹೋದರು. ಮಗಳು ಬಾಗಿಲು ತೆರೆದು ಅಮ್ಮನನ್ನಷ್ಟೇ ಒಳಗೆ ಕರೆದಳು. ಅಪ್ಪ ಹೊಸ್ತಿಲಾಚೆ ಎದೆಯುಬ್ಬಿಸಿಕೊಂಡು ನಿಂತ. ಮಗಳು ಹೊದಿಕೆ ಬಿಡಿಸಿದರೆ ಒಂದರ್ಧ ಕೈಮೇಲೆ ಇಳಿಬಿತ್ತು, ಇನ್ನರ್ಧ ರಟ್ಟಿನ ಹಾಗೆ ಸೆಟೆದು ನಿಂತಿತು.

“ಅಮ್ಮಾ, ಇಲ್ಲಿಂದ ಯಾರ ಕೈ?”

“ನಂದೇ ಕಣೇ. ಎಡಗೈಲಿ ಹೆಣೆದದ್ದಲ್ವಾ...”

“ನಾನು ಹೆಣೆದಿದ್ದು,” ಎಂದ ಟೀಸಿ ಹೊರಗಿನಿಂದ, ಬಹುಮಾನ ಕೊಡುತ್ತಾರೇನೋ ಎಂಬಂತೆ.

ಮಗಳು ತಿರುಗಿ ನೋಡಲಿಲ್ಲ. “ಮಗು ಮೈಗೆ ಒತ್ತತ್ತೆ,” ಎಂದು ಅಮ್ಮನಿಗೆ ಹೇಳಿ, ಕೊನೆಯ ಗಂಟನ್ನು ಹಲ್ಲಿನಿಂದ ಕಡಿದು ಎಳೆದಳು.

ಸರಸರ ಬಿಚ್ಚಿಕೊಂಡಿತು. ಅಷ್ಟು ಬೆವರು ಸುರಿಸಿ ಮೂಡಿಸಿದ ಉಬ್ಬುಗಳು ಒಂದೊಂದೇ ಕುಸಿದು, ಸುಕ್ಕು ಸುಕ್ಕು ನೂಲಾಗಿ ನೆಲಕ್ಕೆ ಬಿದ್ದು ಹೊಸ್ತಿಲಾಚೆಗೂ ಹರಿಯಿತು. ಅಷ್ಟರಲ್ಲಿ ಅಳಿಯ ಮಗುವನ್ನು ಹೆಗಲಿಗೆ ಹಾಕಿಕೊಂಡು ಬಂದ. ಟೀಸಿಗೆ ಕಂಡದ್ದು ಕೂದಲಿಲ್ಲದ ಪುಟ್ಟ ಹಿಂದಲೆ ಅಷ್ಟೇ. ಉರಿದುಹೋಯಿತು ಅವನಿಗೆ. ‘ಬನ್ನು’ ಎಂಬುದು ನಾಲಿಗೆ ತುದಿಗೆ ಬಂತು. ಮಗು ಅವನ ಕಡೆಗೆ ಕತ್ತು ಹೊರಳಿಸಿತು. ಅವನು ಬಾಯಿ ಮುಚ್ಚಿದ. ಮಂಡಿ ಲಟಕ್ಕೆನ್ನಿಸಿಕೊಂಡು ಮೆಟ್ಟಿಲ ಮೇಲೆ ಕುಕ್ಕರಿಸಿ, ನೂಲಿನ ತುದಿ ಹೆಕ್ಕಿ ಉಂಡೆ ಸುತ್ತತೊಡಗಿದ.

“ಅಮ್ಮಾ, ಬಿಗಿಯಾಗಿ ಸುತ್ತಬಾರ್ದು ಅಂತ ಹೇಳು ಅವರಿಗೆ,” ಎಂದಳು ಮಗಳು, ಬಿಚ್ಚುತ್ತಲೇ.

ಅಮ್ಮ ಹೇಳಬೇಕಾಗಲಿಲ್ಲ. ಅವನ ಬೆರಳು ಆಗಲೇ ಸಡಿಲವಾಗಿತ್ತು.

ಗಾಳಿ ಬೀಸಿತು. ಮಗುವಿಗೆ ಥಂಡಿಯಾದೀತೆಂದು ಅಳಿಯ ಬಾಗಿಲು ಮುಚ್ಚಲು ಕೈ ಚಾಚಿದ. ಹೊಸ್ತಿಲ ಮೇಲೆ ನೂಲು ಹಾದುಹೋಗಿತ್ತು. ಅವನು ಕೈ ಹಿಂದಕ್ಕೆ ತೆಗೆದುಕೊಂಡು, ಮಗುವಿನ ತಲೆಗೆ ಸೆರಗಿನಂತೆ ತನ್ನ ಹೆಗಲ ಟವೆಲ್ಲು ಹೊದಿಸಿ, ಅಲ್ಲೇ ನಿಂತ.