ಇಂಗ್ಲಿಷಿನಲ್ಲಿ ಹೇಳಿದ ನೀನು

ಪ್ರತಿ ಅಕ್ಟೋಬರಿನಲ್ಲೂ ಮಿಲಾದಾ ತರಗತಿಯ ಹಲಗೆಯ ಮೇಲೆ ಚೆಕ್ ಜನರ ರೀತಿನೀತಿಯ ಅವೇ ಸಾಲುಗಳನ್ನು ಬರೆಯುತ್ತಿದ್ದಳು. ‘ಇನ್ನು ನೀವು ಬೇಡ, ನೀನು ಅನ್ನೋಣ’ ಎಂದು ಚಿಕ್ಕವರಿಗೆ ಹಿರಿಯರೇ ಮೊದಲು ಹೇಳಬೇಕು. ಗಂಡಸಿಗೆ ಹೆಂಗಸೇ ಹೇಳಬೇಕು. ಕೈಕೆಳಗಿನವರಿಗೆ ಮೇಲಿನವರೇ ಹೇಳಬೇಕು. ಹೇಳುವಾಗ ಕೈಯಲ್ಲೊಂದು ಗ್ಲಾಸು ಇರಬೇಕು, ತಮ್ಮ ತಮ್ಮ ಹೆಸರು ಹೇಳಿ ಗ್ಲಾಸಿಗೆ ಗ್ಲಾಸು ತಾಗಿಸಬೇಕು. ಒಮ್ಮೆ ತಾಗಿಸಿದರೆ ಮುಗಿಯಿತು, ಸಾಯುವವರೆಗೂ ನೀನೇ.

ಯುರೋಪಿನ ಸಂಸ್ಕೃತಿ, ಸಮಾಜಗಳನ್ನು ಓದಲೆಂದು ದೇಶದೇಶಗಳಿಂದ ಚೆಕ್ ನಾಡಿನ ಒಲೊಮೊತ್ಸ್ ಊರಿಗೆ ಬಂದ ಮಕ್ಕಳು ಇದನ್ನು ಕೇಳಿ ನಗುತ್ತಿದ್ದರು. ಆ ವರ್ಷ ಪೋರ್ಚುಗಲ್‌ನ ಬೆನೆದಿತಾ ಎಂಬ ಹುಡುಗಿ ನಗುವಷ್ಟಕ್ಕೇ ಬಿಡಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತಿದ್ದ ಓತಾಕರ್ ಕಡೆ ಬೆರಳು ಮಾಡಿದಳು. ಅವನು ಮಿಲಾದಾಳ ಜೊತೆ ಅದೇ ವಿಷಯವನ್ನು ಹಂಚಿಕೊಂಡು ಪಾಠ ಮಾಡುವ ಮೇಷ್ಟ್ರು.

“ಅವರು ನಿಮಗಿಂತ ದೊಡ್ಡೋರು, ನೀವು ಅವರ ಬಾಸು, ಮೇಲಾಗಿ ಹೆಂಗಸು. ಹಾಗಾದ್ರೆ ನಿಮ್ಮಿಬ್ರಲ್ಲಿ ಯಾರು ಮೊದ್ಲು ಹೇಳ್ಬೇಕು ಮೇಡಂ?”

“ನಾವಿಬ್ರೂ ಇಂಗ್ಲಿಷಲ್ಲಿ ಸ್ನೇಹಿತರು,” ಎಂದಳು ಮಿಲಾದಾ. ತರಗತಿ ಗೊಳ್ಳೆಂದಿತು. ಓತಾಕರ್ ಮಾತ್ರ ಕಿಟಕಿಯ ಆಚೆ ಹೋಗುತ್ತಿದ್ದ ಟ್ರಾಮನ್ನು ನೋಡುತ್ತಿದ್ದ.

ಅವಳು ಹೇಳಿದ್ದೇನೂ ಸುಳ್ಳಲ್ಲ. ಪಾಠವೆಲ್ಲ ಇಂಗ್ಲಿಷಿನಲ್ಲಿ, ಅಲ್ಲಿ ದೊರೆಗೂ ನಾಯಿಮರಿಗೂ ಒಂದೇ ‘ಯೂ’. ಬಾಗಿಲು ದಾಟಿದರೆ ಚೆಕ್ ಭಾಷೆ, ಕೂಡಲೇ ‘ಡಾಕ್ಟ್ರೇ, ನೀವು’, ‘ಮೇಡಂ, ನೀವು’. ಒಂಬತ್ತು ವರ್ಷ ಹೀಗೇ ನಡೆದಿತ್ತು. ಕಥೆ ಹೇಳುವವರಿಗೆ ಈ ಕಷ್ಟವಿಲ್ಲ, ಇಬ್ಬರನ್ನೂ ಅವಳು, ಅವನು ಎಂದುಬಿಡಬಹುದು.

ಅವಳಿಗೆ ಅವನೆಂದರೆ ಪ್ರೀತಿ. ಸುತ್ತಿಬಳಸಿ ಹೇಳಿ ಏನು ಪ್ರಯೋಜನ? ಅವನು ಮಧ್ಯಾಹ್ನ ಆ ಊರಿನ ನಾರುವ ಚೀಸು ತಿಂದು ಬಂದು ಪಕ್ಕದಲ್ಲಿ ಕೂತರೂ ಅವಳು ಕುರ್ಚಿ ಸರಿಸುತ್ತಿರಲಿಲ್ಲ. ಆದರೆ ಅವಳು ವಿಭಾಗದ ಮುಖ್ಯಸ್ಥೆ. ಮೇಲಿನವಳು ಕೇಳಿದರೆ ಕೆಳಗಿನವನು ಬೇಡ ಅನ್ನುವುದು ಹೇಗೆ? ಬಲವಂತದ ‘ನೀನು’ ಅವಳಿಗೆ ಬೇಕಿರಲಿಲ್ಲ. ಹಿರಿಯನಲ್ಲವೇ, ಅವನೇ ಬಾಯಿ ಬಿಡಲಿ ಎಂದು ಕಾದಳು. ಊರಿಗೆಲ್ಲ ಪಾಠ ಹೇಳುವವಳು, ದೀಪದ ಬುಡದಲ್ಲೇ ಕತ್ತಲು.

ಬೆನೆದಿತಾಳ ಪ್ರಶ್ನೆ ಮುಳ್ಳಿನಂತೆ ಒಳಗೇ ಉಳಿಯಿತು. ಇನ್ನು ಕಾಯುವುದಿಲ್ಲ ಎಂದು ಮಿಲಾದಾ ತೀರ್ಮಾನಿಸಿದಳು. ನವೆಂಬರಿನ ಸಂತ ಮಾರ್ಟಿನ್ ಹಬ್ಬಕ್ಕೆ ವರ್ಷದ ಹೊಸ ವೈನ್ ತೆರೆಯುತ್ತಾರೆ. ವಿಭಾಗದಲ್ಲಿ ಹೆಬ್ಬಾತಿನ ಊಟ ಇರುತ್ತದೆ, ಎಲ್ಲರ ಕೈಯಲ್ಲೂ ಗ್ಲಾಸು ಇರುತ್ತದೆ. ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು ‘ನಾನು ಮಿಲಾದಾ’ ಎಂದು ಹೇಳಿ ನೋಡಿದಳು. ಹದಿನಾರರ ಹುಡುಗಿಯ ಹಾಗೆ ಮುಖ ಕೆಂಪಾಯಿತು.

ಹಬ್ಬದ ದಿನ ಅವನು ಕಿಟಕಿಯ ಬಳಿ ಒಬ್ಬನೇ ನಿಂತಿದ್ದ. ಅವಳು ಗ್ಲಾಸು ಹಿಡಿದು ಹತ್ತಿರ ಹೋದಳು. “ಡಾಕ್ಟ್ರೇ, ಒಂದು ಮಾತು...” ಅನ್ನುವಷ್ಟರಲ್ಲಿ ಬೆನೆದಿತಾ ತಟ್ಟೆ ಹಿಡಿದು ಬಂದೇಬಿಟ್ಟಳು.

“ಏನದು ಗುಟ್ಟು? ನಮಗೂ ಅರ್ಥ ಆಗೋ ಹಾಗೆ ಮಾತಾಡಿ!”

ವಿದ್ಯಾರ್ಥಿಯೊಬ್ಬರು ಜೊತೆಗಿದ್ದರೆ ಇಂಗ್ಲಿಷೇ ಆಡಬೇಕು. ಆ ನಿಯಮ ಮಾಡಿದವಳೂ ಮಿಲಾದಾಳೇ. ಎತ್ತಿದ ಗ್ಲಾಸನ್ನು ಇಳಿಸುವುದು ಹೇಗೆ? “ನಾನು ಮಿಲಾದಾ,” ಎಂದಳು, ಇಂಗ್ಲಿಷಿನಲ್ಲಿ. “ಟು ಯೂ.”

ಅವನು ಅವಳ ಮುಖವನ್ನೇ ನೋಡಿದ. “ನಾನು ಓತಾಕರ್,” ಎಂದ, ಅವನೂ ಇಂಗ್ಲಿಷಿನಲ್ಲೇ. ಗ್ಲಾಸುಗಳು ತಾಗಿದವು.

“ಅಯ್ಯೋ ದೇವ್ರೇ, ಇಷ್ಟು ವರ್ಷ ಆದ್ಮೇಲೆ ಈಗ ಪರಿಚಯ ಮಾಡ್ಕೊಳ್ತಿದೀರಾ!” ಎಂದು ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಮರುದಿನ ಓತಾಕರ್ ಪಡಸಾಲೆಯಲ್ಲಿ ಅವಳಿಗಾಗಿ ಕಾಯುತ್ತಿದ್ದ. ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ, “ಕಾಫಿ ಕುಡಿಯೋಣ್ವಾ?” ಎಂದ. ನೀನೂ ಇಲ್ಲ, ನೀವೂ ಇಲ್ಲ. ಮಿಲಾದಾ ಕಾದಳು. ಅವನು ಟೋಪಿ ತಿರುಗಿಸುತ್ತಲೇ ಇದ್ದ. ಅವನಿಗೆ ‘ನೀನು’ ಬೇಡವಾಗಿದೆ, ನಯವಾಗಿ ಜಾರಿಕೊಳ್ಳುತ್ತಿದ್ದಾನೆ ಎಂದುಕೊಂಡಳು. ಅವಮಾನದಿಂದ ಕಿವಿ ಬಿಸಿಯಾಯಿತು.

“ನೀವು ಹೋಗಿ ಬನ್ನಿ ಡಾಕ್ಟ್ರೇ. ನನಗೆ ಕೆಲ್ಸ ಇದೆ.”

ಅವನ ಕೈಯಲ್ಲಿ ಟೋಪಿ ನಿಂತಿತು. “ಹಾಗೇ ಆಗ್ಲಿ ಮೇಡಂ. ನಿಮಗೆ ತೊಂದ್ರೆ ಕೊಟ್ಟೆ,” ಎಂದು ಮೆಟ್ಟಿಲಿಳಿದು ಹೋದ.

ಜನವರಿಯಲ್ಲಿ ಟ್ರಾಮಿಗೆ ಕಾಯುತ್ತಿದ್ದಾಗ ಅವನ ಎದೆಬಡಿತ ನಿಂತಿತು. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಂತ್ಯಕ್ರಿಯೆಯಲ್ಲಿ ವಿಭಾಗದ ಪರವಾಗಿ ಮುಖ್ಯಸ್ಥೆಯೇ ಮಾತಾಡಬೇಕು. ಮಿಲಾದಾ ಹಾಳೆಯಲ್ಲಿ ಬರೆದುಕೊಂಡು ಬಂದಿದ್ದಳು. ಸಭಾಂಗಣದ ಬಾಗಿಲಲ್ಲಿ ಓತಾಕರ್‌ನ ಅಕ್ಕ ಹೆಡ್ವಿಕಾ ಅವಳ ಕೈ ಹಿಡಿದು ನಿಲ್ಲಿಸಿದಳು.

“ಮಿಲಾದಾ ಅಂದ್ರೆ ನೀವೇನಾ? ಮಾರ್ಟಿನ್ ಹಬ್ಬದ ಸಂಜೆ ನನಗೆ ಫೋನ್ ಮಾಡಿದ್ದ. ‘ಅಕ್ಕಾ, ಆಕೆ ಗ್ಲಾಸು ತಾಗಿಸಿ ಹೆಸರು ಹೇಳಿದ್ಲು, ಆದ್ರೆ ಇಂಗ್ಲಿಷಲ್ಲಿ. ಅದು ನೀನೋ ನೀವೋ?’ ಅಂತ ಕೇಳ್ದ. ‘ಹೋಗಿ ಅವಳನ್ನೇ ಕೇಳೋ ಪೆದ್ದಾ’ ಅಂದೆ. ‘ಹೆಂಗಸನ್ನ ಹಾಗೆಲ್ಲ ಕೇಳೋಕಾಗಲ್ಲ. ನಾಳೆ ಕಾಫಿಗೆ ಕರೀತೀನಿ, ಅವಳ ಬಾಯಿಂದ ನಮ್ಮ ಭಾಷೇಲಿ ಬರೋ ಮೊದಲ ಮಾತಲ್ಲೇ ಗೊತ್ತಾಗತ್ತೆ’ ಅಂದ. ಆಮೇಲೆ ಆ ಮಾತೇ ಎತ್ತಲಿಲ್ಲ. ಏನಂದ್ರಿ ನೀವು ಅವನಿಗೆ?”

“ನೀವು ಅಂದೆ,” ಎಂದಳು ಮಿಲಾದಾ.

ಹೆಡ್ವಿಕಾ ಕೈ ಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕೈಗೆ ಬಂದ ತುತ್ತನ್ನು ಬಾಯಿಗೆ ಬರಗೊಡದವಳು ತಾನೇ ಎಂದು ಮಿಲಾದಾಳಿಗೆ ಅನ್ನಿಸಿತು.

ಅವಳ ಹೆಸರು ಕರೆದರು. ಶವಪೆಟ್ಟಿಗೆಯ ಮುಂದೆ ನಿಂತು ಹಾಳೆ ಬಿಡಿಸಿದಳು. ‘ಸನ್ಮಾನ್ಯ ಡಾಕ್ಟರೇ, ತಾವು ನಮ್ಮ ವಿಭಾಗಕ್ಕೆ’ ಎಂದು ಅದು ಶುರುವಾಗುತ್ತಿತ್ತು. ಮತ್ತೆ ಮಡಚಿ ಚೀಲಕ್ಕೆ ಹಾಕಿದಳು.

“ಓತಾಕರ್,” ಎಂದಳು, ತನ್ನ ಭಾಷೆಯಲ್ಲಿ. “ನಾನು ಮಿಲಾದಾ.”

ಮುಂದಿನ ಸಾಲಿನ ಪ್ರಾಧ್ಯಾಪಕರು ಮುಖ ಮುಖ ನೋಡಿಕೊಂಡರು. ಹಿಂದೆ ಬೆನೆದಿತಾ ಪಕ್ಕದವನನ್ನು, ಏನಂದ್ರು, ಏನಂದ್ರು ಎಂದು ಪಿಸುಗುಟ್ಟಿ ಕೇಳುತ್ತಿದ್ದಳು. ಮಿಲಾದಾ ಯಾರನ್ನೂ ನೋಡಲಿಲ್ಲ. ಗ್ಲಾಸಿಲ್ಲದ ಬರಿಗೈಯನ್ನು ಪೆಟ್ಟಿಗೆಯ ಮರಕ್ಕೆ ತಾಗಿಸಿದಳು.

“ನೀನು ಕಾಫಿಗೆ ಕರೆದೆ. ನನಗೆ ಅವತ್ತು ಯಾವ ಕೆಲ್ಸಾನೂ ಇರ್ಲಿಲ್ಲ ಕಣೋ.”